ಶಾಲೆಯ ಹಿತ್ತಿಲಿನ ಮೂರು ಮಡಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಶಾಲೆ ಮತ್ತು ನನ್ನ ಜೀವನ’ ಎಂದು ಹಾಕಿದ್ದಾರೆ. ಆ ವಿಷಯದ ಮೇಲೆ ಬೆಳಗಿನಿಂದ ಐದು ಜನ ಮಾತಾಡಿದ್ದೀರಿ, ನನಗಿಂತ ಚೆನ್ನಾಗಿಯೇ ಮಾತಾಡಿದ್ದೀರಿ. ನಾನು ಈ ಶಾಲೆಯ ಎರಡನೇ ಎಸ್ಸೆಸ್ಸೆಲ್ಸಿ ಬ್ಯಾಚಿನವನು, 34 ವರ್ಷ ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ನನ್ನ ಜೀವನದ ಕಥೆ ಅಷ್ಟೇ. ಅದರ ಬದಲು, ಈ ಕಟ್ಟಡದ ಹಿಂದೆ ಇರುವ ಮೂರು ಗುಂಟೆ ಕೈತೋಟಕ್ಕೆ ಕಳೆದ ವರ್ಷ ಏನಾಯಿತು ಎಂದು ಹೇಳುತ್ತೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಈ ಮಕ್ಕಳ ಎದುರಿಗೇ ಒಪ್ಪಿಕೊಳ್ಳಬೇಕಾಗಿದೆ.

ಕೈತೋಟ ಮಾಡಿದ್ದು ಬಿಸಿಯೂಟಕ್ಕೆ ಸೊಪ್ಪು ತರಕಾರಿ ಆಗಲಿ ಎಂದು. ವಿಜ್ಞಾನದ ಮೇಡಂ ಮುಂದೆ ನಿಂತರು. ಒಂಬತ್ತನೇ ತರಗತಿ ಮಕ್ಕಳು ಬೇಸಿಗೆ ರಜೆಯಲ್ಲೇ ಬಂದು ಕಲ್ಲು ಆರಿಸಿದರು, ಅಗೆದರು. ಊರಿನವರು ಧಾರಾಳವಾಗಿ ಎರಡು ಟ್ರೈಲರ್ ಕೊಟ್ಟಿಗೆ ಗೊಬ್ಬರ ಕೊಟ್ಟರು. ಶಾಲೆಯದೇ ಗುಂಡಿಯಲ್ಲಿ ಫೆಬ್ರವರಿಯಲ್ಲಿ ತುಂಬಿದ್ದ ಕಾಂಪೋಸ್ಟ್ ಇತ್ತು. ಅದರಲ್ಲಿ ರಾಗಿ ಹುಲ್ಲು, ಹೊಂಗೆ ಎಲೆ, ಹತ್ತಿರದಲ್ಲೇ ಸಿಗುವ ತೆಂಗಿನ ನಾರಿನ ಪುಡಿ. ಅದನ್ನೂ ತೆಗೆದು ಪೂರ್ವದ ಕಡೆಯ ಗುಂಟೆಗೆ ಹಾಕಿದರು. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ ಎಂದು ಮಕ್ಕಳು ಪುಸ್ತಕದಲ್ಲಿ ಓದಿದ್ದರು. ಅದು ನಿಜ. ಹಾಗಾಗಿ ಹಾಕಿದಷ್ಟೂ ಒಳ್ಳೆಯದು ಎಂದುಕೊಂಡರು.

ಜೂನ್ ಮಧ್ಯದಲ್ಲಿ ಬಿತ್ತಿದರು. ಜುಲೈ ಹೊತ್ತಿಗೆ ದಂಟು, ಪಾಲಕ್ ಎಲ್ಲ ಗೇಣುದ್ದಕ್ಕೆ ನಿಂತು ಹಳದಿಗೆ ತಿರುಗಿದವು. ಮೇಡಂ ನನಗೆ ಫೋನ್ ಮಾಡಿದರು. ನಾನು ಆಗ ನೆಂಟರ ಮನೆಯ ಗೃಹಪ್ರವೇಶದಲ್ಲಿದ್ದೆ. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಎಲೆ ಹಳದಿಯಾಗಿದೆ ಎಂದ ಕೂಡಲೇ, “ಸಾರಜನಕ ಸಾಲದು ಮೇಡಂ. ಇನ್ನೊಂದಿಷ್ಟು ಗೊಬ್ಬರ ಕೊಡಿ, ಕೋಳಿ ಗೊಬ್ಬರ ಸಿಕ್ಕಿದರೆ ಇನ್ನೂ ಒಳ್ಳೆಯದು” ಎಂದುಬಿಟ್ಟೆ. ಯಾವ ಎಲೆ ಹಳದಿ, ಯಾವ ಮಡಿಯದು, ಏನು ಹಾಕಿದ್ದಿರಿ, ಒಂದನ್ನೂ ಕೇಳಲಿಲ್ಲ. 34 ವರ್ಷದ ಅನುಭವ ಅನ್ನುವುದು ಕೆಲವೊಮ್ಮೆ ಹೀಗೂ ಕೆಲಸ ಮಾಡುತ್ತದೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗ ತನ್ನ ಮಾವನ ಕೋಳಿ ಶೆಡ್ಡಿನಿಂದ 12 ಚೀಲ ಗೊಬ್ಬರ ತಂದ. ಅವರಪ್ಪನ ಟ್ರ್ಯಾಕ್ಟರ್ ಮಳೆ ಬಿದ್ದ ಮಾರನೇ ದಿನವೇ ತೋಟದ ಮಧ್ಯದವರೆಗೂ ಹೋಗಿ ಇಳಿಸಿ ಬಂತು. ಮಧ್ಯದ ಗುಂಟೆಗೆ ಅಷ್ಟನ್ನೂ ಕಲಸಿ, ಮೂರು ದಿನ ಬಿಟ್ಟು ಟೊಮೆಟೊ, ಬದನೆ ಸಸಿ ನೆಟ್ಟರು. ವಾರದೊಳಗೆ ಸಸಿಗಳು ಅಂಚಿನಿಂದ ಬೆಂಕಿ ತಾಗಿದ ಹಾಗೆ ಸುಟ್ಟು ಹೋದವು. ಮೆಂತ್ಯ ಬಿತ್ತಿದ್ದು ಮೊಳೆಯಲೇ ಇಲ್ಲ. ಉಳಿದ ಹುಡುಗರು ಅವನನ್ನು ‘ಕೋಳಿ’ ಎಂದು ಕರೆಯಲು ಶುರುಮಾಡಿದರು. ಇತ್ತ ಮಹೋತ್ಸವ ಸಮಿತಿಯ ಸಭೆಯಲ್ಲಿ ಒಂದು ಸಲಹೆ ಬಂತು: ಆ ಜಾಗದಲ್ಲಿ ಏನೂ ಬರುವುದಿಲ್ಲ, ಮಟ್ಟ ಮಾಡಿ ಟೈಲ್ಸ್ ಹಾಕಿಬಿಟ್ಟರೆ ಗಾಡಿ ನಿಲ್ಲಿಸಲು ಆಗುತ್ತದೆ. ಆ ಸಲಹೆ ಕೊಟ್ಟವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರು ನನ್ನ ಸ್ನೇಹಿತರು, ಅವರದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಹೇಳಿದರು.

ನಾನು ತೋಟ ನೋಡಿದ್ದು ಆಗಸ್ಟ್ 15ರಂದು, ಧ್ವಜಾರೋಹಣ ಮುಗಿದ ಮೇಲೆ. ಮಿಠಾಯಿ ಕೈಯಲ್ಲಿ ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ. ಆ ಹುಡುಗ ಗೋಡೆ ಪಕ್ಕ ನಿಂತಿದ್ದ. “ಸಾರ್, ನಾನು ತಂದ ಗೊಬ್ಬರದಿಂದ್ಲೇ ಎಲ್ಲಾ ಸತ್ತೋಯ್ತಂತೆ” ಅಂದ. ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. “ತರೋಕೆ ಹೇಳಿದ್ದು ನಾನಪ್ಪ. ನೀನು ಹೋಗಿ ಗುದ್ದಲಿ ತಗೊಂಡು ಬಾ” ಅಂದೆ.

ಮಕ್ಕಳೇ, ಗಿಡ ಸೊರಗಿದಾಗ ನಾವೆಲ್ಲ ಮೊದಲು ಮಾಡುವ ಕೆಲಸ ಏನು? ಏನಾದರೂ ಹಾಕುವುದು. ನೀರು, ಗೊಬ್ಬರ, ಔಷಧಿ, ಬೂದಿ. ಅಗೆದು ನೋಡುವುದು ಕೊನೆಗೆ. ಆ ದಿನ ನಾವು ಏನನ್ನೂ ಹಾಕದೆ ಬರೀ ನೋಡಿದೆವು. ನೋಡಿದ ಮೇಲೆ ಗೊತ್ತಾಯಿತು, ಮೂರು ಗುಂಟೆಯಲ್ಲಿ ಮೂರು ಬೇರೆ ಬೇರೆ ಕಾಯಿಲೆ. ದೂರದಿಂದ ನೋಡಿದರೆ ಮೂರೂ ಹಳದಿ.

ಮೊದಲು ಪೂರ್ವದ ಮಡಿ. ಅಲ್ಲಿ ಹಳದಿಯಾಗಿದ್ದದ್ದು ಕೆಳಗಿನ ಹಳೆಯ ಎಲೆಗಳು. ಮೇಲಿನ ಎಳೆಯ ಎಲೆ ಸಣ್ಣದಾಗಿದ್ದರೂ ಹಸಿರಾಗಿತ್ತು. ಸಾರಜನಕ ಸಾಲದೇ ಹೋದರೆ ಗಿಡ ಹಳೆಯ ಎಲೆಯಿಂದ ಕಿತ್ತು ಎಳೆಯ ಎಲೆಗೆ ಕಳಿಸುತ್ತದೆ. ಅಂದರೆ ಫೋನಿನಲ್ಲಿ ನಾನು ಹೇಳಿದ ಕಾಯಿಲೆ ಈ ಮಡಿಯ ಮಟ್ಟಿಗೆ ಸರಿಯೇ. ಆದರೆ ಅಷ್ಟು ಗೊಬ್ಬರ ಹಾಕಿದ ಮಣ್ಣಿನಲ್ಲಿ ಸಾರಜನಕ ಹೇಗೆ ಕಡಿಮೆಯಾಗುತ್ತದೆ? ಮಕ್ಕಳು ಇದನ್ನೇ ಕೇಳಿದರು, ಒಳ್ಳೆಯ ಪ್ರಶ್ನೆ. ಉತ್ತರ ಆ ಮಡಿಯಲ್ಲೇ ಇತ್ತು. ಒಂದು ಸಾಲು ಅಲಸಂದೆ ಮಾತ್ರ ಕಡು ಹಸಿರಾಗಿ ನಿಂತಿತ್ತು. ಅದೇ ಮಣ್ಣು, ಅದೇ ನೀರು. ಅಲಸಂದೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳು, ಉಗುರಿನಲ್ಲಿ ಒತ್ತಿದರೆ ಒಳಗೆ ಕೆಂಪು. ಅದು ಗಾಳಿಯಿಂದ ತನ್ನ ಸಾರಜನಕ ತಾನು ಮಾಡಿಕೊಳ್ಳುತ್ತಿತ್ತು. ದಂಟಿಗೆ ಆ ಅನುಕೂಲ ಇಲ್ಲ.

ಗುದ್ದಲಿ ಹಾಕಿ ಅಗೆದೆವು. ಆರು ಇಂಚು ಕೆಳಗೆ ಕಾಂಪೋಸ್ಟ್ ಸಿಕ್ಕಿತು. ರಾಗಿ ಹುಲ್ಲು ರಾಗಿ ಹುಲ್ಲಾಗಿಯೇ ಇತ್ತು, ಹೊಂಗೆ ಎಲೆಯ ನರ ಕಾಣುತ್ತಿತ್ತು, ನಾರಿನ ಪುಡಿಯಂತೂ ಹಾಕಿದ ಹಾಗೇ ಇತ್ತು. ಮುಷ್ಟಿಯಲ್ಲಿ ಹಿಡಿದರೆ ಬೆಚ್ಚಗೆ. ಅದು ಇನ್ನೂ ಕೊಳೆಯುತ್ತಿರುವ ಕಸ, ಗೊಬ್ಬರವಾಗಿರಲಿಲ್ಲ.

ಕಸವನ್ನು ಕೊಳೆಸುವುದು ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಇಂಗಾಲ ಬೇಕು, ಜೊತೆಗೆ ಮೈ ಕಟ್ಟಿಕೊಳ್ಳಲು ಸಾರಜನಕವೂ ಬೇಕು. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಇಂಗಾಲ 20 ಪಾಲಿದ್ದರೆ ಸಾರಜನಕ ಒಂದು ಪಾಲು ಇರುತ್ತದೆ. ತೆಂಗಿನ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 100 ಪಾಲಿಗೂ ಹೆಚ್ಚು. ಅಂಥದ್ದನ್ನು ಹಸಿಯಾಗಿ ಮಣ್ಣಿಗೆ ಸೇರಿಸಿದರೆ ಆ ಜೀವಿಗಳು ಸಾಲದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಪಂಕ್ತಿಯಲ್ಲಿ ಗಿಡಕ್ಕಿಂತ ಮೊದಲು ಅವು ಕೂತುಬಿಡುತ್ತವೆ. ಅವು ಉಂಡು ಸತ್ತ ಮೇಲೆ ಆ ಸಾರಜನಕ ವಾಪಸ್ಸು ಬರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆದರೆ ಅಷ್ಟರಲ್ಲಿ ದಂಟಿನ ಆಯುಸ್ಸು ಮುಗಿದಿರುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಗುಂಡಿಯಲ್ಲಿ ಕಸ ತುಂಬಿ, ಸಗಣಿ ಹಾಕಿ, ಮೇಲೆ ಮಣ್ಣು ಮೆತ್ತಿ ಬಿಡುವ ಪದ್ಧತಿಗೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು. ಅದಕ್ಕೂ ಮುಂಚೆ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಮಾಡಿದ್ದು ಬೇರೆ ರೀತಿ, ಆಗಾಗ ಮಗುಚಿ ಗಾಳಿಯಾಡಿಸುವುದು. ಮಗುಚಿದರೆ ಬೇಗ ಆಗುತ್ತದೆ, ಕೈಕೆಲಸ ಜಾಸ್ತಿ. ಬೆಂಗಳೂರು ಪದ್ಧತಿಯಲ್ಲಿ ಕೈಕೆಲಸ ಕಡಿಮೆ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ನಮ್ಮ ಮಕ್ಕಳು ಮಗುಚಲಿಲ್ಲ, ಕಾಯಲೂ ಇಲ್ಲ. ಫೆಬ್ರವರಿಯಲ್ಲಿ ಮುಚ್ಚಿದ್ದನ್ನು ಮೇ ಕೊನೆಗೆ ತೆರೆದರು. ನಾರಿನ ಪುಡಿಗಂತೂ ಬೇರೆಯೇ ಉಪಚಾರ ಬೇಕು. ಅದನ್ನು ಕರಗಿಸಲು ಅಣಬೆ ಬೀಜ, ಯೂರಿಯಾ ಸೇರಿಸಿ ಕಳಿಸುತ್ತಾರೆ.

ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ತಿಳಿಯಲು ಲ್ಯಾಬ್ ಬೇಡ. ಒದ್ದೆ ಮಾಡಿದ ಎರಡು ಹಿಡಿ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ನೆರಳಿನಲ್ಲಿಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ, ಮೂತ್ರದ ಘಾಟು ಬಂದರೆ ಇನ್ನೂ ಆಗಿಲ್ಲ. ಮಕ್ಕಳು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ನಾಲ್ಕು ಹಳೆಯ ಡಬ್ಬಗಳಿಗೆ ತೂತು ಹೊಡೆದು, ಮೂರರಲ್ಲಿ ಮೂರು ಮಡಿಯ ಮಣ್ಣು, ನಾಲ್ಕನೆಯದರಲ್ಲಿ ಪಕ್ಕದ ಹೊಲದ ಬದುವಿನ ಮಣ್ಣು ತುಂಬಿ, ಎಲ್ಲದಕ್ಕೂ 20 ಮೂಲಂಗಿ ಬೀಜ ಹಾಕಿದರು. ಆರನೇ ದಿನ ಎಣಿಸಿದಾಗ ಬದುವಿನ ಮಣ್ಣಿನಲ್ಲಿ 18 ಮೊಳೆತಿದ್ದವು, ಪೂರ್ವದ ಮಡಿಯದರಲ್ಲಿ 16, ಪಶ್ಚಿಮದ್ದರಲ್ಲಿ 17, ಮಧ್ಯದ ಮಡಿಯದರಲ್ಲಿ 3. ಗೋಡೆಗೆ ಅಂಟಿಸಿದ ಆ ಪಟ್ಟಿ ಇನ್ನೂ ಎಂಟನೇ ತರಗತಿ ಕೊಠಡಿಯಲ್ಲಿದೆ, ಊಟಕ್ಕೆ ಹೋಗುವ ಮುಂಚೆ ನೋಡಿಕೊಂಡು ಹೋಗಿ.

ಇನ್ನು ಮಧ್ಯದ ಮಡಿ, ನನ್ನ ಮಡಿ. ಬೆಳಿಗ್ಗೆ ನೆಲ ಒಣಗುವ ಹೊತ್ತಿಗೆ ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಾಣುತ್ತಿತ್ತು. ಹುಡುಗರು ಬೂಷ್ಟು ಎಂದುಕೊಂಡಿದ್ದರು. ಅದು ಲವಣ, ಉಪ್ಪು. ಎಲೆಗಳಲ್ಲಿ ಹಳೆಯದು ಎಳೆಯದು ಎಂಬ ಭೇದವಿಲ್ಲದೆ ಅಂಚು ಮಾತ್ರ ಕಂದಾಗಿ ಸುಟ್ಟಿತ್ತು.

ಲೆಕ್ಕ ಹಾಕಿ ನೋಡೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು. ಕೋಳಿ ಗೊಬ್ಬರದಲ್ಲಿ ಸುಮಾರು 3 ಪಾಲು, ಲವಣವೂ ಜಾಸ್ತಿ. 12 ಚೀಲ, ಚೀಲಕ್ಕೆ 35 ಕೆಜಿ ಹಿಡಿದರೆ 420 ಕೆಜಿ. ಅದರಲ್ಲಿ ಸಾರಜನಕ 12 ಕೆಜಿಗೂ ಹೆಚ್ಚು. ಒಂದು ಗುಂಟೆ ಟೊಮೆಟೊಗೆ ಬೇಕಾಗಿರುವುದು ತಳಿಯನ್ನು ನೋಡಿಕೊಂಡು ಒಂದರಿಂದ ಎರಡೂವರೆ ಕೆಜಿ. ರೈತರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಒಂದು ಗುಂಟೆಗೆ ಅರ್ಧ ಮೂಟೆಗೂ ಹೆಚ್ಚು ಯೂರಿಯಾ ಸುರಿದ ಹಾಗೆ. ಯೂರಿಯಾ ಆಗಿದ್ದರೆ ಯಾರೂ ಹಾಗೆ ಸುರಿಯುತ್ತಿರಲಿಲ್ಲ. ಚೀಲದ ಮೇಲೆ ಬರೆದಿರುತ್ತದೆ, ಕೈ ಹಿಡಿಯುತ್ತದೆ. ಸಾವಯವ ಅಂದ ಕೂಡಲೇ ನಮ್ಮ ಕೈ ಅಳತೆ ಮರೆಯುತ್ತದೆ. ಅದೂ ಹಸಿ ಗೊಬ್ಬರ. ಅದರಿಂದ ಏಳುವ ಅಮೋನಿಯಾ ಎಳೆಯ ಬೇರನ್ನು ಸುಡುತ್ತದೆ. ಮಣ್ಣು ಕೆದಕಿದಾಗ ನನ್ನ ಕಣ್ಣು ಉರಿಯಿತು.

ಕೊಟ್ಟಿಗೆ ಗೊಬ್ಬರವೂ ಅಷ್ಟೇ. ತರಕಾರಿಗೆ ಹೆಕ್ಟೇರಿಗೆ 25 ಟನ್ ಅನ್ನುವುದು ನಾವು ರೈತರಿಗೆ ಹೇಳುತ್ತಿದ್ದ ಲೆಕ್ಕ. ಗುಂಟೆಗೆ ಇಳಿಸಿದರೆ 250 ಕೆಜಿ, ಮೂರು ಗುಂಟೆಗೆ ಮುಕ್ಕಾಲು ಟನ್. ಟ್ರೈಲರಿಗೆ ಎರಡೇ ಟನ್ ಎಂದುಕೊಂಡರೂ ಬಿದ್ದದ್ದು ನಾಲ್ಕು ಟನ್. ಐದು ವರ್ಷದ ಗೊಬ್ಬರ ಒಂದೇ ಸಲ.

ಆದರೂ ಅಷ್ಟು ಮಳೆ ಬಂದಿತ್ತಲ್ಲ, ಲವಣ ತೊಳೆದು ಹೋಗಬೇಕಿತ್ತು. ಯಾಕೆ ಹೋಗಲಿಲ್ಲ ಎಂದು ನೋಡಲು ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿದೆವು. ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿ ಕಾದೆವು. ಪೂರ್ವದ ಮಡಿಯಲ್ಲಿ ಎರಡು ಗಂಟೆಯಲ್ಲಿ ಖಾಲಿ. ಮಧ್ಯದಲ್ಲಿ ಮಾರನೇ ದಿನ ಬೆಳಿಗ್ಗೆಯೂ ಅರ್ಧ ಗುಂಡಿ ನೀರು. ಕಬ್ಬಿಣದ ಸರಳು ಚುಚ್ಚಿದರೆ ಆರು ಇಂಚಿಗೆ ಠಣ್ ಎಂದು ನಿಲ್ಲುತ್ತಿತ್ತು. ಕಲ್ಲಿರಬೇಕು ಎಂದು ಅಗೆದರೆ ಕಲ್ಲಲ್ಲ, ಮಣ್ಣೇ ಗಟ್ಟಿಯಾಗಿತ್ತು. ಮಳೆ ಬಿದ್ದ ಮಾರನೇ ದಿನ ಒದ್ದೆ ನೆಲದ ಮೇಲೆ ಓಡಾಡಿದ ಟ್ರ್ಯಾಕ್ಟರ್ ಚಕ್ರದ ಕೆಲಸ ಅದು. ಗೊಬ್ಬರ ತಂದದ್ದರ ಜೊತೆಗೆ ತಂದ ರೀತಿಯೂ ತಪ್ಪಾಗಿತ್ತು.

ಇಲ್ಲಿ ನನಗೆ ನಿಜವಾಗಿ ಭಯವಾದದ್ದು ಗಿಡದ ವಿಷಯಕ್ಕಲ್ಲ. ಶಾಲೆಯ ಬೋರ್‌ವೆಲ್ ಆ ಮಡಿಯಿಂದ ಮೂವತ್ತು ಹೆಜ್ಜೆ. ಗಿಡ ತಿನ್ನದೇ ಉಳಿದ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಇದೇ ನೀರನ್ನು ಮಕ್ಕಳು ಕುಡಿಯುತ್ತಾರೆ. ಉಪ್ಪು ತೊಳೆಯಲಿ ಎಂದು ಮಡಿಗೆ ಸುಮ್ಮನೆ ನೀರು ನಿಲ್ಲಿಸಿದ್ದರೆ ಅಷ್ಟನ್ನೂ ನಾವೇ ಕೆಳಗೆ ಅಟ್ಟಿದ ಹಾಗೆ ಆಗುತ್ತಿತ್ತು. ಹಾಗಾಗಿ ಮೊದಲು ಮೇಲಿನ ಬಿಳಿ ಪೊರೆಯನ್ನು ಒಂದಿಂಚು ಮಣ್ಣಿನ ಸಮೇತ ಕೆರೆದು ತೆಗೆದೆವು. ಸಿಕ್ಕಷ್ಟು ಕೋಳಿ ಗೊಬ್ಬರವನ್ನು ಬಾಚಿ ಮಂಕರಿಯಲ್ಲಿ ತುಂಬಿ ದೂರದ ತಿಪ್ಪೆಗೆ ಸಾಗಿಸಿದೆವು, ಅದು ಅಲ್ಲಿ ಹುಲ್ಲಿನ ಜೊತೆ ಕಳಿಯಲಿ ಎಂದು. ಹಾರೆಯಿಂದ ಗಟ್ಟಿ ಪದರ ಒಡೆದೆವು. ಆಮೇಲೆ ಇಡೀ ಗುಂಟೆಗೆ ಮೇವಿನ ಜೋಳ ಒತ್ತೊತ್ತಾಗಿ ಬಿತ್ತಿದೆವು. ಜೋಳ ಸಾರಜನಕವನ್ನು ಹೀರುವ ಬೆಳೆ, ಲವಣವನ್ನು ಟೊಮೆಟೊಗಿಂತ ತಡೆಯುತ್ತದೆ. ಮೊದಲ ಸಲ ಅಲ್ಲಲ್ಲಿ ಮಾತ್ರ ಮೊಳೆಯಿತು. ಸೆಪ್ಟೆಂಬರಿನ ಮಳೆಯಾದ ಮೇಲೆ ಮತ್ತೆ ಬಿತ್ತಿದ್ದು ಆಳೆತ್ತರ ಬಂತು. ಊರಿನ ಹಸುಗಳಿಗೆ ಕೊಯ್ದು ಕೊಟ್ಟೆವು, ಅದೂ ಸ್ವಲ್ಪ ಸ್ವಲ್ಪವೇ, ಒಣಹುಲ್ಲಿನ ಜೊತೆಗೆ. ಅಂಥ ನೆಲದ ಎಳೆಯ ಜೋಳ ಹೊಟ್ಟೆ ತುಂಬ ತಿಂದರೆ ದನಕ್ಕೆ ಅಪಾಯ.

ಈ ನಡುವೆ ಇನ್ನೊಂದು ಅನಾಹುತ ತಪ್ಪಿತು. ಗೊಬ್ಬರದಲ್ಲಿ ಬೆರಳು ಗಾತ್ರದ ಬಿಳಿ ಹುಳುಗಳು ಸಿಕ್ಕಿದ್ದವು. “ಬೇರು ಹುಳ ಕಣಪ್ಪ, ಕಾಳಿನ ಔಷಧಿ ಹಾಕ್ಬಿಡಿ” ಎಂದು ಹಿರಿಯರೊಬ್ಬರು ಪೊಟ್ಟಣ ತಂದೂ ಕೊಟ್ಟಿದ್ದರು. ಅವರ ಕಾಳಜಿ ಸುಳ್ಳಲ್ಲ. ಆದರೆ ಮಕ್ಕಳು ತಿನ್ನುವ ಸೊಪ್ಪಿನ ಮಡಿಗೆ ಅದು ಬೀಳಬಾರದು. ಬೇರು ತಿನ್ನುವ ಗೊಣ್ಣೆಹುಳು ಇದ್ದರೆ ಒಣಗಿದ ಗಿಡ ಎಳೆದ ಕೂಡಲೇ ಬೇರಿಲ್ಲದೆ ಕೈಗೆ ಬರುತ್ತದೆ. ನಮ್ಮ ಗಿಡಗಳ ಬೇರು ಇದ್ದವು, ತುದಿ ಕಂದಾಗಿತ್ತು ಅಷ್ಟೇ. ತಿಪ್ಪೆಯಲ್ಲಿ ಸಿಗುವ ಆ ದಪ್ಪ ಹುಳು ಬಹಳ ಮಟ್ಟಿಗೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ಅದು ತಿನ್ನುವುದು ಕೊಳೆತ ಗೊಬ್ಬರವನ್ನು. ತೆಂಗಿಗೆ ಮುಂದೆ ತೊಂದರೆ ಕೊಡುವುದರಿಂದ ಆರಿಸಿ ಕೊಂದೆವು, ಔಷಧಿ ಹಾಕಲಿಲ್ಲ. ಆರಿಸುವ ಕೆಲಸದಲ್ಲಿ ಕೋಳಿಗಳೇ ಮುಂದೆ ಇದ್ದವು. ಆಗ ಆ ಹುಡುಗನೇ ಮೊದಲು ನಕ್ಕದ್ದು.

ಮೂರನೆಯದು ಪಶ್ಚಿಮದ ಮೂಲೆ, ನೀರಿನ ತೊಟ್ಟಿಯ ಪಕ್ಕ. ನನಗೆ ಹೆಚ್ಚು ತಲೆ ಕೆಡಿಸಿದ್ದು ಅದೇ. ಇಲ್ಲಿ ಹಳದಿಯಾಗಿದ್ದದ್ದು ತುದಿಯ ಎಳೆಯ ಎಲೆಗಳು. ನರ ಹಸಿರು, ನಡುವಿನ ಭಾಗ ನಿಂಬೆಹಣ್ಣಿನ ಬಣ್ಣ. ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣ ಒಮ್ಮೆ ಹಳೆಯ ಎಲೆಯಲ್ಲಿ ಕೂತರೆ ಎಳೆಯ ಎಲೆಗೆ ಹೊರಡುವುದಿಲ್ಲ, ಅದಕ್ಕೇ ಕೊರತೆ ತುದಿಯಲ್ಲಿ ಕಾಣುತ್ತದೆ. ಆದರೆ ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ! ಕಬ್ಬಿಣದ ಮೇಲೆ ನಿಂತು ಗಿಡ ಕಬ್ಬಿಣಕ್ಕೆ ಬಾಯಿ ಬಿಡುತ್ತಿದೆ. ಮಣ್ಣು ಕ್ಷಾರವಾದರೆ ಹಾಗಾಗುತ್ತದೆ, ಇದ್ದ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಮಿತಿಮೀರಿದ ಗೊಬ್ಬರದ ರಂಜಕವೂ ಅದಕ್ಕೆ ಅಡ್ಡ ಬರುತ್ತದೆ. ಮಕ್ಕಳು ಮನೆಯ ಹಂಡೆ ಒಲೆಯ ಬೂದಿಯನ್ನು ಅಲ್ಲಿಗೆ ಸುರಿಯುತ್ತಿದ್ದರು, ಅದೂ ಕ್ಷಾರವೇ. ಆದರೂ ಎರಡು ತಿಂಗಳ ಬೂದಿ ಇಷ್ಟು ಮಾಡಲಾರದು ಅನ್ನಿಸಿತು.

ಮೇಡಂ ಪ್ರಯೋಗಾಲಯದಿಂದ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ತಂದು ಆ ಮಣ್ಣಿನ ಹೆಂಟೆಯ ಮೇಲೆ ನಾಲ್ಕು ಹನಿ ಬಿಟ್ಟರು. ಸೋಡಾ ಉಕ್ಕಿದ ಹಾಗೆ ಬುರ್ರೆಂದು ನೊರೆ ಬಂತು. ಪಕ್ಕದ ಮಡಿಯ ಮಣ್ಣಿನ ಮೇಲೆ ಬಿಟ್ಟರೆ ಏನೂ ಇಲ್ಲ. ಸುಣ್ಣ! ಈ ಒಂದೇ ಮೂಲೆಯಲ್ಲಿ ಸುಣ್ಣ ಎಲ್ಲಿಂದ ಬಂತು?

ಆಗ ನನಗೆ ನೆನಪಾಯಿತು. ನನ್ನ ಬ್ಯಾಚಿನವರೇ, ನಿಮಗೂ ನೆನಪಿರಬೇಕು. ನಾವು ಎಂಟನೇ ತರಗತಿಗೆ ಸೇರಿದಾಗ ಈ ಕಟ್ಟಡ ಇನ್ನೂ ಏಳುತ್ತಿತ್ತು. ಪಾಠ ನಡೆಯುತ್ತಿದ್ದದ್ದು ದೇವಸ್ಥಾನದ ಜಗುಲಿಯಲ್ಲಿ. ಮಧ್ಯಾಹ್ನ ಬಿಟ್ಟ ಕೂಡಲೇ ನಾವು ಓಡಿ ಬರುತ್ತಿದ್ದದ್ದು ಗಾರೆ ಕೆಲಸದವರು ಸುಣ್ಣ ನೆನೆಹಾಕುವುದನ್ನು ನೋಡಲು. ಕಲ್ಲುಸುಣ್ಣದ ಮೇಲೆ ನೀರು ಬಿದ್ದ ಕೂಡಲೇ ಗುಂಡಿ ಕೊತಕೊತ ಕುದಿಯುತ್ತಿತ್ತು, ಒಲೆಯಿಲ್ಲ ಬೆಂಕಿಯಿಲ್ಲ. ನಮಗೆ ಅದು ಸಿನಿಮಾಗಿಂತ ಹೆಚ್ಚು. ನಮ್ಮ ಹೆಡ್ಮಾಸ್ಟರು ಹುಣಸೆ ಬರಲು ಹಿಡಿದು ಅಟ್ಟಿಸಿಕೊಂಡು ಬಂದರೆ ನಾವು ಓಡಿ ಹೋಗುತ್ತಿದ್ದದ್ದು ಅದೇ ಬೇಲಿ ಕಡೆಗೆ. ಆ ಗುಂಡಿ ಇದ್ದದ್ದು ಇದೇ ಮೂಲೆಯಲ್ಲಿ. ಕಟ್ಟಡ ಮುಗಿದ ಮೇಲೆ ಉಳಿದ ಸುಣ್ಣ, ಗಾರೆಯನ್ನು ಅಲ್ಲೇ ಮುಚ್ಚಿದರು. ಎರಡಡಿ ಅಗೆದೆವು, ಬಿಳಿ ಪದರ ಸಿಕ್ಕಿತು. ಐವತ್ತು ವರ್ಷದಲ್ಲಿ ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಸುಣ್ಣಕಲ್ಲಾಗಿ ಕೂತಿದೆ. ನಮ್ಮ ಶಾಲೆ ಕಟ್ಟಿದ ಗುರುತು ಗೋಡೆಯ ಮೇಲಿನ ಕಲ್ಲಿನಲ್ಲಿದೆ ಎಂದುಕೊಂಡಿದ್ದೆವು. ಅದು ಬದನೆ ಗಿಡದ ಎಲೆಯಲ್ಲೂ ಇತ್ತು.

ಆ ಮೂಲೆಗೆ ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ಇದ್ದ ಬದನೆಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂ, ಒಂದು ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಎಲೆಯ ಮೇಲೆ ಸಂಜೆ ಸಿಂಪಡಿಸಿದೆವು. ಹೊಸ ಎಲೆ ಹಸಿರಾಗಿ ಬಂತು. ಆದರೆ ಇದು ಹದಿನೈದು ದಿನಕ್ಕೊಮ್ಮೆ ಮಾಡುತ್ತಲೇ ಇರಬೇಕಾದ ಕೆಲಸ. ಅದರ ಬದಲು ಸುಣ್ಣದ ನೆಲವನ್ನು ಸಹಿಸುವ ನುಗ್ಗೆ ನೆಡೋಣ ಎಂದು ತೀರ್ಮಾನಿಸಿದೆವು. ಬಿಸಿಯೂಟದ ಸಾರಿಗೆ ನುಗ್ಗೆಸೊಪ್ಪು ಬಿದ್ದರೆ ಅಡುಗೆ ಅಕ್ಕಂದಿರಿಗೂ ಸಂತೋಷ.

ಪೂರ್ವದ ಮಡಿಗೆ ಏನು ಮಾಡಿದಿರಿ ಎಂದು ಕೇಳಬಹುದು. ಹೆಚ್ಚೇನೂ ಮಾಡಲಿಲ್ಲ. ಇಡೀ ಮಡಿಗೆ ಅಲಸಂದೆ ಬಿತ್ತಿದೆವು, ಉಳಿದಿದ್ದ ದಂಟಿಗೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿದೆವು, ಕಾದೆವು. ಒಂದು ಹಿಡಿ ಯೂರಿಯಾ ಹಾಕಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಇದನ್ನು ಹೇಳಿದರೆ ಸಾವಯವದ ಗೆಳೆಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ನವೆಂಬರಿನಲ್ಲಿ ಅಗೆದಾಗ ಹುಲ್ಲು ಕಾಣಲಿಲ್ಲ, ಎರೆಹುಳು ಕಂಡವು.

ಮಣ್ಣು ಪರೀಕ್ಷೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಇಲ್ಲಿರುವ ರೈತರಲ್ಲಿ ಅನೇಕರ ಮನೆಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಇದೆ. 2015ರಲ್ಲಿ ಬಂದ ಯೋಜನೆ. ಅದರಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್ ತನಕ 12 ಅಂಶಗಳನ್ನು ಕೊಡುತ್ತಾರೆ. ಶಾಲೆಯವರೂ ಜೂನಿನಲ್ಲಿ ಮಣ್ಣು ಕಳಿಸಿದ್ದರು. ವರದಿ ಚೆನ್ನಾಗಿಯೇ ಇತ್ತು, ಸಾವಯವ ಇಂಗಾಲ ಅಧಿಕ ಎಂದಿತ್ತು. ಲ್ಯಾಬಿನವರ ತಪ್ಪಲ್ಲ. ಗೊಬ್ಬರ ಹಾಕಿದ ಮಾರನೇ ವಾರವೇ, ಮೂರೂ ಗುಂಟೆಯ ಮಣ್ಣನ್ನು ಒಟ್ಟಿಗೆ ಕಲಸಿ ಅರ್ಧ ಕೆಜಿ ಕಳಿಸಿದ್ದರು. ಹಲವು ಕಡೆಯ ಮಣ್ಣು ಕಲಸಿ ಎಂದು ನಾವೇ ಹೇಳಿಕೊಡುತ್ತೇವೆ, ನಿಜ. ಆದರೆ ಒಂದೇ ರೀತಿಯ ನೆಲದ ಮಣ್ಣನ್ನು ಮಾತ್ರ ಕಲಸಬೇಕು. ಜ್ವರ ಬಂದವನ, ಸಕ್ಕರೆ ಕಾಯಿಲೆಯವನ, ಆರೋಗ್ಯವಾಗಿರುವವನ ರಕ್ತ ಕಲಸಿ ಪರೀಕ್ಷೆಗೆ ಕೊಟ್ಟರೆ ಡಾಕ್ಟರು ಏನು ಹೇಳಿಯಾರು?

ಆಗಸ್ಟ್ ಕೊನೆಯಲ್ಲಿ ಮಕ್ಕಳು ಮೂರು ಬೇರೆ ಬೇರೆ ಮಾದರಿ ತೆಗೆದರು. ಪ್ರತಿ ಮಡಿಯಲ್ಲಿ ಎಂಟು ಕಡೆ, ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆರು ಇಂಚು ಗುಂಡಿ ತೆಗೆದು, ಪಕ್ಕದ ಗೋಡೆಯಿಂದ ಬೆರಳು ದಪ್ಪದಷ್ಟು ಮಣ್ಣು ಕೆರೆದು, ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರು ಭಾಗ ಬಿಟ್ಟು, ಅರ್ಧ ಕೆಜಿ ಉಳಿಯುವ ತನಕ ಹಾಗೇ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಳಿಸಿದರು. ಮಧ್ಯದ ಮಡಿಯ ಲವಣಾಂಶ 2 ದಾಟಿತ್ತು, 1ರೊಳಗೆ ಇದ್ದರೆ ಚಿಂತೆಯಿಲ್ಲ. ಪಶ್ಚಿಮದ ಮೂಲೆಯ ರಸಸಾರ 8.4. ನಾವು ಕಣ್ಣಲ್ಲಿ ಕಂಡದ್ದನ್ನೇ ವರದಿ ಅಂಕಿಯಲ್ಲಿ ಹೇಳಿತು. ಬೋರ್‌ವೆಲ್ ನೀರಿನ ನೈಟ್ರೇಟ್ 45ರೊಳಗೇ ಇದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ, ಹಳೆಯ ವಿದ್ಯಾರ್ಥಿಗಳ ಸಂಘ ಆ ಖರ್ಚು ನೋಡಿಕೊಳ್ಳಲಿ ಎಂದು ಈ ವೇದಿಕೆಯಿಂದ ಕೇಳುತ್ತೇನೆ.

ಟೈಲ್ಸ್ ವಿಷಯ ಬಿಟ್ಟುಹೋಯಿತು. ನನ್ನ ಸ್ನೇಹಿತರು ನವೆಂಬರಿನಲ್ಲಿ ಬಂದು ಅಲಸಂದೆ ಕಾಯಿ ಬಿಡಿಸಿಕೊಂಡು ಹೋದರು, ಆ ಮಾತು ಮತ್ತೆ ಎತ್ತಲಿಲ್ಲ. ಗಾಡಿಗಳು ಇವತ್ತು ದೇವಸ್ಥಾನದ ಮುಂದೆ ನಿಂತಿವೆ. ನಡೆದು ಬಂದದ್ದಕ್ಕೆ ಯಾರೂ ಬೈಯಬೇಡಿ. ಇವತ್ತಿನ ಊಟದಲ್ಲಿರುವ ಮೂಲಂಗಿ ಪೂರ್ವದ ಮಡಿಯದು. ಮಧ್ಯದ ಮಡಿಯಲ್ಲಿ ಮೆಂತ್ಯ ಬಂದಿದೆ, ಆದರೆ ಒಂದು ಮೂಲೆ ಇನ್ನೂ ಬೋಳಾಗಿದೆ. ಟ್ರ್ಯಾಕ್ಟರ್ ತಿರುಗಿಸಿದ ಜಾಗ ಅದು.

ಮಕ್ಕಳು ಹೊಸ ಕಾಂಪೋಸ್ಟ್ ಗುಂಡಿಯನ್ನು ಸೆಪ್ಟೆಂಬರ್ 20ಕ್ಕೆ ಮುಚ್ಚಿದ್ದಾರೆ. ನಾರಿನ ಪುಡಿ ಹಾಕಿಲ್ಲ. ಮೇಲೆ ತಾರೀಕು ಬರೆದ ಹಲಗೆ ನೆಟ್ಟಿದ್ದಾರೆ. ಹಲಗೆ ಬರೆದದ್ದು, ಗುಂಡಿಯ ಉಸ್ತುವಾರಿ ಹೊತ್ತದ್ದು ಅದೇ ಹುಡುಗ. ಅವನು ಈಗ ಯಾರನ್ನೂ ಹತ್ತಿರ ಬಿಡುವುದಿಲ್ಲ, ನನ್ನನ್ನೂ ಸೇರಿಸಿ. ಮಾರ್ಚ್ 20ಕ್ಕೆ ಆರು ತಿಂಗಳು ತುಂಬುತ್ತದೆ. ಆ ದಿನ ಬೆಳಿಗ್ಗೆ ಏಳು ಗಂಟೆಗೆ ತೆರೆದು, ಮೊದಲು ಚೀಲದಲ್ಲಿ ಕಟ್ಟಿಟ್ಟು ಮೂಸಿ ನೋಡಿ, ಆಮೇಲೆ ತೂಕ ಮಾಡಿ ಗುಂಟೆಗೆ 250 ಕೆಜಿಯಂತೆ ಹಾಕುತ್ತೇವೆ. ಬಿಡುವಿರುವವರು ಗುದ್ದಲಿ, ಮಂಕರಿ ತೆಗೆದುಕೊಂಡು ಬನ್ನಿ. ತಕ್ಕಡಿ ನಾನು ತರುತ್ತೇನೆ.